ಐದನೇ ಜ್ವರ

ಕೈಲಾಂಚ
೮ ಜೂನ್ ೨೦೨೫

ಮಹ್ವಿಶ್,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಇವತ್ತಿಗೆ ಹನ್ನೊಂದು ದಿನ. ಮೊನ್ನೆ ಚನ್ನಪಟ್ಟಣಕ್ಕೆ ಬಂದು ನಿಮ್ಮ ಬೀದಿಯ ತಿರುವಿನವರೆಗೂ ನಡೆದೆ. ನಿನ್ನ ಅಬ್ಬಾ ಮರದ ಗೊಂಬೆ ಕಡೆಯುವ ಲೇತಿನ ಸದ್ದು ಕೇಳಿಸುತ್ತಿತ್ತು. ಒಳಗೆ ಬರಲು ಮುಖವಿರಲಿಲ್ಲ, ವಾಪಸ್ ಬಸ್ ಹತ್ತಿದೆ. ಮೇಲ್ ಬ್ಲಾಕ್ ಮಾಡುವುದನ್ನು ನೀನು ಮರೆತಿರುತ್ತೀಯ ಎಂದುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ಆ ಬುಗುರಿ ನಿನ್ನದು. ನಿನ್ನ ಅಬ್ಬಾನ ಆ ಅಂಗಡಿ, ಹೆಂಚಿನ ಸಂದಿಯಿಂದ ಬೀಳುವ ಬಿಸಿಲು, ನೆಲದ ತುಂಬ ಮರದ ಹೊಟ್ಟು, ಅದರ ಮೇಲೆ ಉರುಳಿಕೊಂಡು ಬಾಗಿಲು ದಾಟಿ ಹೋಗುವ ಬುಗುರಿ, ಎಲ್ಲವನ್ನೂ ನೀನು ಆರು ತಿಂಗಳು ಕೂತು ಕಂಪ್ಯೂಟರಿನಲ್ಲಿ ಕಟ್ಟಿದ್ದೆ. ನಾನು ಕಟ್ಟಿದ್ದು ಒಂದು ಹಿಪ್ಪುನೇರಳೆ ತೋಟ. ಅದರ ಎಲೆಗಳು ಪ್ಲಾಸ್ಟಿಕ್ಕಿನಂತಿವೆ ಎಂದು ನಮ್ಮ ಗೇಮ್ ಡಿಸೈನ್ ಕೋರ್ಸಿನ ಸರ್ ಎಲ್ಲರ ಮುಂದೆ ಹೇಳಿದ್ದು ನೆನಪಿದೆಯಲ್ಲ. ಇಂಟರ್‌ವ್ಯೂ ಮಾಡಲು ಬಂದವರು ನನ್ನ ತೋಟ ನೋಡಿ ಆಕಳಿಸಿದರು. ನನ್ನ ಪೆನ್‌ಡ್ರೈವಿನಲ್ಲಿ ನಿನ್ನ ಫೋಲ್ಡರೂ ಇತ್ತು. ಕೈ ತಾನಾಗಿ ತೆರೆಯಿತು ಎಂದರೆ ಸುಳ್ಳಾಗುತ್ತದೆ, ನಾನೇ ತೆರೆದೆ. ‘ಇದನ್ನು ನೀವೇ ಮಾಡಿದ್ದಾ?’ ಎಂದರು. ಹೌದು ಎಂದೆ.

ನಾಳೆ ಹೊರಡುತ್ತೇನೆ. ವಿಡಿಯೊ ಗೇಮ್ ಕಂಪನಿ, ಬ್ಯಾಂಕಾಕಿಗೆ ವಿಮಾನ, ಅಲ್ಲಿಂದ ಅವರೇ ಕರೆದುಕೊಂಡು ಹೋಗುತ್ತಾರೆ. ಆಫೀಸು ಯಾವ ಊರಿನಲ್ಲಿ ಎಂದು ಕೇಳಿದೆ. ಹೊಸ ಆಟ, ಗುಟ್ಟಾಗಿರಬೇಕು, ಬಂದ ಮೇಲೆ ಹೇಳುತ್ತೇವೆ ಎಂದರು.

ಅಮ್ಮ ಒಬ್ಬಳೇ ಹುಳದ ಮನೆ ನೋಡಿಕೊಳ್ಳಬೇಕು. ಈಗ ಎರಡನೇ ಜ್ವರಕ್ಕೆ ಕೂತಿವೆ. ಜ್ವರ ಎಂದಾಗಲೆಲ್ಲ ನೀನೇ ನೆನಪಾಗುತ್ತೀಯ. ನೀನು ಮೊದಲ ಸಲ ಬಂದಾಗ ಅಮ್ಮ, ‘ಹುಳ ಜ್ವರಕ್ಕೆ ಕುಂತವೆ ಕಣವ್ವ, ಸದ್ದು ಮಾಡ್ಬ್ಯಾಡಿ’ ಎಂದಳು. ನೀನು ಗಾಬರಿಯಾಗಿ, ‘ಡಾಕ್ಟರ್ ಕರೆಸಿ ಆಂಟಿ’ ಎಂದೆ. ಹುಳು ಪೊರೆ ಬಿಡುವುದನ್ನು ನಾವು ಜ್ವರ ಎನ್ನುತ್ತೇವೆ ಎಂದು ಗೊಂಬೆ ಮಾಡುವ ಮನೆಯವಳಿಗೆ ಹೇಗೆ ಗೊತ್ತಿರಬೇಕು. ಅಮ್ಮ ಅದನ್ನು ಇಡೀ ಕೈಲಾಂಚಕ್ಕೆ ಹೇಳಿಕೊಂಡು ನಕ್ಕಳು. ‘ನಾಕೇ ಜ್ವರ ಕಣ್ ಮಗಾ. ನಾಕು ಎದ್ರೆ ಹಣ್ಣಾಯ್ತವೆ, ಗೂಡು ಕಟ್ತವೆ. ಐದ್ನೇದು ಅಂತ ಬಂದ್ರೆ ಅದ್ಕೆ ಡಾಕ್ಟ್ರಲ್ಲ, ತಿಪ್ಪೆ’ ಎಂದು ನಿನಗೆ ಪಾಠ ಬೇರೆ ಮಾಡಿದಳು.

ಒಸಿ ಕ್ಷಮಿಸು. ನಾನು ಒಸಿ ಎಂದರೆ ನೀನು ರೇಗಿಸುತ್ತೀಯ, ಗೊತ್ತು. ರೇಗಿಸಲಾದರೂ ಒಂದು ಸಾಲು ಬರೆ.

ನಿನ್ನ
ಸುಚಿ


ಚನ್ನಪಟ್ಟಣ
೨ ಜುಲೈ ೨೦೨೫

ಸುಚಿತ್ರಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾರ ಮುಂದೆಯೂ ನಿನ್ನ ಹೆಸರು ಎತ್ತಿರಲಿಲ್ಲ. ನೀನೇ ಬರೆದುಕೊಂಡು ಬಂದೆ. ಒಳ್ಳೆಯದಾಯಿತು, ಈಗ ನಾನೂ ಹೇಳಬಹುದು.

ಇಂಟರ್‌ವ್ಯೂ ನಡೆದ ಹೆದ್ದಾರಿಯ ಆ ಹೋಟೆಲಿನ ಮಹಡಿಯಲ್ಲಿ ನಿನ್ನ ನಂತರ ಅರ್ಧ ಗಂಟೆಗೆ ನನ್ನ ಸರದಿ ಬಂತು. ನನ್ನ ಫೋಲ್ಡರ್ ತೆರೆದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ‘ಈ ಬುಗುರಿ ಈಗಷ್ಟೇ ನೋಡಿದೆವು ಮೇಡಂ. ಕಾಪಿ ಹೊಡೆಯುವಾಗ ಬಣ್ಣವನ್ನಾದರೂ ಬದಲಿಸಬಾರದಿತ್ತೇ?’ ಎಂದರು. ನನ್ನ ಅಬ್ಬಾನ ಅಂಗಡಿಯನ್ನು ನಾನೇ ಕದ್ದಂತಾಯಿತು. ಬುಗುರಿಯ ಬುಡ ತಿರುಗಿಸಿ ತೋರಿಸಿದ್ದರೆ ಅಲ್ಲಿ ಅಬ್ಬಾ ಹಾಕುವ ಮೂರು ಗೆರೆ ಇತ್ತು. ಅದನ್ನೂ ತೋರಿಸದೆ, ನಿನ್ನಿಂದ ಹೀಗಾಯಿತಲ್ಲ ಎಂಬ ಸಂಕಟದಲ್ಲಿ ಮೆಟ್ಟಿಲು ಇಳಿದು ಬಂದುಬಿಟ್ಟೆ.

ಆಮೇಲೆ ಬೆಂಗಳೂರಿನ ಎರಡು ಗೇಮ್ ಸ್ಟುಡಿಯೋಗಳಿಗೆ ಅರ್ಜಿ ಹಾಕಿದೆ. ಅನುಭವ ಎಷ್ಟು ವರ್ಷ ಎನ್ನುತ್ತಾರೆ. ಯಾರೂ ಕೆಲಸ ಕೊಡದಿದ್ದರೆ ಅನುಭವವನ್ನು ಸಂತೆಯಲ್ಲಿ ಕೊಂಡು ತರಬೇಕೇ? ಈಗ ಅಬ್ಬಾನ ಪಕ್ಕ ಕೂತು ಬುಗುರಿಗಳಿಗೆ ಅರಗಿನ ಬಣ್ಣ ಹಿಡಿಯುತ್ತಿದ್ದೇನೆ, ಮರದ ಬುಗುರಿಗಳಿಗೆ.

ಅಬ್ಬಾನಿಗೆ ಎಲ್ಲ ಹೇಳಿದೆ. ಅವರು ಲೇತ್ ನಿಲ್ಲಿಸಲಿಲ್ಲ. ‘ಚೋರಿ ಆಗಿದ್ದು ಬುಗುರಿ, ಬೇಟಾ. ಕೈ ನಿಂದೇ ಐತಲ್ಲ’ ಎಂದರು. ಅವರದು ದೊಡ್ಡ ಮನಸ್ಸು. ನನ್ನದು ಅಷ್ಟು ದೊಡ್ಡದಲ್ಲ.

ಒಸಿ ಕ್ಷಮಿಸಲು ಬರುವುದಿಲ್ಲ. ಕ್ಷಮೆ ಏನು ಸಕ್ಕರೆಯೇ, ಚಮಚದಲ್ಲಿ ಅಳೆದು ಕೊಡಲು? ನೀನು ಕೂತಿರುವ ಕುರ್ಚಿ ನನ್ನದು. ಕೂತಾಗಲೆಲ್ಲ ಚುಚ್ಚಲಿ.

ಇನ್ನು ಬರೆಯಬೇಡ.

ಮಹ್ವಿಶ್


೨೦ ಜುಲೈ ೨೦೨೫, ಭಾನುವಾರ

ಪ್ರೀತಿಯ ಮಹ್ವಿಶ್,

ಬರೆಯಬೇಡ ಎಂದಿದ್ದೆ, ಬರೆಯುತ್ತಿದ್ದೇನೆ. ಇಲ್ಲಿ ಫೋನ್ ಇಟ್ಟುಕೊಳ್ಳುವಂತಿಲ್ಲ. ಬಂದ ದಿನವೇ ತೆಗೆದುಕೊಂಡರು, ಪಾಸ್‌ಪೋರ್ಟನ್ನೂ ವೀಸಾ ಮುದ್ರೆಗೆಂದು ತೆಗೆದುಕೊಂಡರು. ಎರಡು ವಾರಕ್ಕೊಮ್ಮೆ ಭಾನುವಾರ ಆಫೀಸಿನ ಕಂಪ್ಯೂಟರಿನಿಂದ ಒಂದು ಮೇಲ್ ಕಳಿಸಬಹುದು. ಆಟದ ಗುಟ್ಟು ಹೊರಗೆ ಹೋಗಬಾರದೆಂದು ಮೇಲಿನವರು ಮೊದಲು ಓದುತ್ತಾರೆ. ಅವರಿಗೆ ಕನ್ನಡ ಬಾರದು, ಮೆಷಿನ್ ಓದಿ ಹೇಳುತ್ತದೆ. ಹಾಗಾಗಿ ಪುಸ್ತಕದ ಕನ್ನಡದಲ್ಲೇ ಬರೆಯಬೇಕು. ನಮ್ಮೂರ ಮಾತು ಬರೆದರೆ ಮೆಷಿನ್‌ಗೆ ಅರ್ಥವಾಗದೆ ಕೆಂಪು ಗೆರೆ ಬೀಳುತ್ತದೆ. ಹೊರಗಿನಿಂದ ಬರುವ ಕಾಗದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ.

ಬ್ಯಾಂಕಾಕಿನಿಂದ ವ್ಯಾನಿನಲ್ಲಿ ಒಂದು ಹಗಲು ಬಂದೆವು. ಕೊನೆಗೆ ಒಂದು ನದಿ ದಾಟಿದೆವು. ದೋಣಿಯಲ್ಲಿ ದಾಟಿದೆವು. ಕಟ್ಟಡ ದೊಡ್ಡದು, ಸುತ್ತ ಎತ್ತರದ ಗೋಡೆ, ಕಿಟಕಿಗಳಿಗೆ ಗಟ್ಟಿ ಸರಳು. ಊಟ, ವಸತಿ ಎಲ್ಲ ಒಳಗೇ. ಹೊರಗೆ ಹೋಗುವ ಅಗತ್ಯ ಬೀಳುವುದಿಲ್ಲ.

ಇಲ್ಲಿ ಆಟ ಎಂದರೆ ಬೇರೆ ಥರ. ನಾನು ಒಬ್ಬ ಹೆಂಗಸಿನ ಪಾತ್ರ ಕಟ್ಟಬೇಕು. ಮುಖ, ಸೀರೆ, ಹುಟ್ಟಿದ ಊರು, ಸತ್ತ ಗಂಡ, ಎಲ್ಲ ನಾನೇ ಮಾಡಿದೆ. ಈಗ ಅವಳ ಪರವಾಗಿ ಆಟಗಾರರಿಗೆ ಮೆಸೇಜು ಬರೆಯುತ್ತೇನೆ. ಆಟಗಾರರು ಹೆಚ್ಚಾಗಿ ಒಂಟಿ ಗಂಡಸರು, ನಮ್ಮ ಕಡೆಯವರೂ ಇದ್ದಾರೆ. ತಾವು ಆಡುತ್ತಿದ್ದೇವೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಈ ಆಟದ ಹೊಸತನವೇ ಅದು ಎನ್ನುತ್ತಾರೆ. ದಿನದ ಕೊನೆಗೆ ಗೋಡೆಯ ಮೇಲೆ ನಮ್ಮೆಲ್ಲರ ಅಂಕ ಬರುತ್ತದೆ. ಕೆಳಗಿನ ಐದು ಜನ ಎದ್ದು ನಿಲ್ಲಬೇಕು.

ಅಮ್ಮನಿಗೆ ಓದಲು ಬರುವುದಿಲ್ಲ, ನಿನಗೆ ಗೊತ್ತು. ನನ್ನ ಮೇಲಿನ ಕೋಪವನ್ನು ಅಮ್ಮನ ಮೇಲೆ ಇಟ್ಟುಕೊಳ್ಳಬೇಡ. ಒಮ್ಮೆ ಹೋಗಿ, ನಾನು ಚೆನ್ನಾಗಿದ್ದೇನೆ ಎಂದು ಹೇಳು.

ಆ ಕುರ್ಚಿ ಚುಚ್ಚುತ್ತದೆ, ಮಹ್ವಿಶ್.

ನಿನ್ನ
ಸುಚಿತ್ರಾ


ಚನ್ನಪಟ್ಟಣ
೩ ಆಗಸ್ಟ್ ೨೦೨೫

ಸುಚಿತ್ರಾ,

ನಿನಗಾಗಿ ಹೋಗಲಿಲ್ಲ, ನಿನ್ನ ಅಮ್ಮನಿಗಾಗಿ ಹೋದೆ. ಕೈಲಾಂಚದ ಬಸ್ಸಿನಲ್ಲಿ ಸೀಟಿಲ್ಲದೆ ನಿಂತುಕೊಂಡೇ ಹೋದೆ ಎಂಬುದನ್ನೂ ನಿನ್ನ ತಲೆಗೇ ಕಟ್ಟುತ್ತೇನೆ.

ಅಮ್ಮ ಹುಳದ ಮನೆಯ ಬಾಗಿಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದರು. ಮೊಬೈಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾರೆ, ನೀನು ಫೋನ್ ಮಾಡಿದರೆ ಗೊತ್ತಾಗಲಿ ಎಂದು. ಕಾಗದ ಪೂರ್ತಿ ಓದಿದೆ. ಅವರ ಮಾತನ್ನು ಹಾಗೇ ಬರೆಯುತ್ತೇನೆ, ಮೆಷಿನ್‌ಗೆ ಅರ್ಥವಾಗದಿದ್ದರೆ ಅದರ ಹಣೆಬರಹ.

‘ಏನ್ ಉಣ್ತಾಳಂತೆ? ಮುದ್ದೆ ಸಿಕ್ತದಂತಾ?’

ಊಟ ಕೊಡುತ್ತಾರಂತೆ ಅಮ್ಮ ಎಂದೆ.

‘ದೋಣೀಲಿ ಯಾಕ್ ಕರ್ಕೊಂಡೋದ್ರು? ಸೇತ್ವೆ ಇರ್ನಿಲ್ವಾ?’

ನನಗೂ ಅದೇ ಅನ್ನಿಸಿತ್ತು. ವಿದೇಶದಲ್ಲಿ ಹಾಗೇ ಇರಬಹುದು ಎಂದೆ. ಅವರು ಸ್ವಲ್ಪ ಹೊತ್ತು ಸೊಪ್ಪು ಹೆಚ್ಚಿದರು. ಆಮೇಲೆ ಕೇಳಿದರು, ‘ಹುಳ ಎಂಗವೆ ಅಂತ ಕೇಳ್ನಿಲ್ವಾ?’

ಕೇಳಿರಲಿಲ್ಲ ಸುಚಿ. ನಾನು ಇನ್ನೊಮ್ಮೆ ಓದಿ ನೋಡಿದೆ. ‘ಹತ್ತು ವರ್ಸದ ಮಗೀಂದ ಸೊಪ್ಪು ಇಕ್ಕವ್ಳೆ. ಹೋದ್ಸಲ ನೆಂಟ್ರ ಮನೆಗೋದಾಗ್ಲೂ ಮೊದ್ಲು ಹುಳ ಕೇಳಿ ಆಮ್ಯಾಲೆ ನನ್ನ ಕೇಳಿದ್ಳು’ ಎಂದರು. ಹೊರಡುವಾಗ ನನ್ನ ಕೈಗೆ ಎರಡು ಕಟ್ಟು ಸೊಪ್ಪು ಕೊಟ್ಟರು, ಸಾರಿನ ಸೊಪ್ಪು.

ನಿನ್ನ ಕೆಲಸ ನನಗೆ ಅರ್ಥವಾಗಲಿಲ್ಲ. ಆಡುತ್ತಿದ್ದೇನೆ ಎಂದು ಗೊತ್ತಿಲ್ಲದವನು ಆಟಗಾರ ಹೇಗಾಗುತ್ತಾನೆ?

ಕೋಪ ಇನ್ನೂ ಇದೆ. ಆದರೆ ಬರೆಯಬೇಡ ಎಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಮಹ್ವಿಶ್


೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮಹ್ವಿಶ್,

ಒಂದು ಸಂತೋಷದ ಸುದ್ದಿ. ಬುಗುರಿಯನ್ನು ಮಾಡಿದ್ದು ನಾನಲ್ಲ, ನೀನು ಎಂದು ಮೇಲಿನವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಹಾಗಾದರೆ ಆ ಹುಡುಗಿಯೂ ನಮಗೆ ಬೇಕು ಎಂದರು. ಗೇಮ್ ಆರ್ಟಿಸ್ಟ್ ಹುದ್ದೆ, ನಿನ್ನ ಹೆಸರಿನಲ್ಲಿಯೇ. ಅನುಭವ ಕೇಳುವುದಿಲ್ಲ. ಟಿಕೆಟ್ ಅವರೇ ಕಳಿಸುತ್ತಾರೆ, ಸೆಪ್ಟೆಂಬರ್ ಹನ್ನೆರಡಕ್ಕೆ. ಉಮ್ರಾ ಯಾತ್ರೆಗೆಂದು ನಿನ್ನ ಅಜ್ಜಿಯ ಜೊತೆ ಪಾಸ್‌ಪೋರ್ಟ್ ಮಾಡಿಸಿದ್ದೆಯಲ್ಲ, ಅದೇ ಸಾಕು. ನಿನ್ನಿಂದ ಕಿತ್ತುಕೊಂಡದ್ದನ್ನು ನಿನಗೆ ಕೊಟ್ಟ ಹಾಗೆ ಆಗುತ್ತದೆ. ಪಕ್ಕದ ಕುರ್ಚಿ ಖಾಲಿ ಇದೆ.

ನಾನು ಹುಳುಗಳ ಬಗ್ಗೆ ಕೇಳಲಿಲ್ಲ ಎಂದು ಅಮ್ಮ ನೊಂದುಕೊಂಡಳೆಂದು ಬರೆದಿದ್ದೆ. ಕೆಲಸದ ನಡುವೆ ಮರೆತಿದ್ದೆ. ಈಗ ನಮ್ಮ ಮನೆಯಲ್ಲಿ ಹುಳು ಐದನೇ ಜ್ವರಕ್ಕೆ ಕೂತಿರಬೇಕು. ಐದನೇ ಜ್ವರಕ್ಕೆ ಅಮ್ಮ ಏನು ಮಾಡುತ್ತಾಳೋ ನೀನೂ ಹಾಗೇ ಮಾಡು. ಹೊರಡುವ ಮುಂಚೆ ಈ ಕಾಗದವನ್ನು ಅಮ್ಮನ ಮುಂದೆ ಕೂತು ಓದು. ಒಂದು ಸಾಲನ್ನೂ ಬಿಡಬೇಡ. ಓದಿದ ಮೇಲೆ ನನಗೆ ಬರೆ.

ನಿನ್ನನ್ನು ನೋಡಬೇಕೆಂಬ ಆಸೆ ಬಹಳವಿದೆ.

ನಿನ್ನ
ಸುಚಿತ್ರಾ


ಚನ್ನಪಟ್ಟಣ
೨೨ ಆಗಸ್ಟ್ ೨೦೨೫

ನನ್ನ ಸುಚಿ,

ನಿನ್ನ ಕಾಗದ ಓದಿ ಲೇತಿನ ಮುಂದೆಯೇ ಅತ್ತುಬಿಟ್ಟೆ. ಕೈಯಲ್ಲಿದ್ದ ಅರಗಿನ ಕಡ್ಡಿ ತಿರುಗುವ ಮರಕ್ಕೆ ಹೆಚ್ಚು ಒತ್ತಿ ಒಂದು ಬುಗುರಿ ಪೂರ್ತಿ ಕೆಂಪಾಯಿತು. ಅಬ್ಬಾ ಬೈಯಲಿಲ್ಲ. ‘ಹೋಗ್ ಬೇಟಾ, ಆದ್ರೆ ಆ ಕಂಪನಿ ಹೆಸರೊಂದು ಕೇಳ್ಕೋ’ ಎಂದರು. ಗುಟ್ಟಿನ ಕಂಪನಿ ಅಬ್ಬಾ ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ.

ನಾನು ಬರುತ್ತೇನೆ. ನೀನು ತಪ್ಪು ಒಪ್ಪಿಕೊಂಡೆಯಲ್ಲ, ಅದೂ ನಿನ್ನ ಕೆಲಸಕ್ಕೇ ಕುತ್ತು ಬರುವಂತಿದ್ದಾಗ. ಮೂರು ತಿಂಗಳಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಳಿಯಿತು. ಕುರ್ಚಿ ಚುಚ್ಚಲಿ ಎಂದು ಬರೆದಿದ್ದನ್ನು ಅಳಿಸಿಬಿಡು. ಇಬ್ಬರೂ ಪಕ್ಕಪಕ್ಕ ಕೂರೋಣ, ನಿನ್ನ ಪ್ಲಾಸ್ಟಿಕ್ ಎಲೆಗಳನ್ನು ನಾನು ಸರಿ ಮಾಡಿಕೊಡುತ್ತೇನೆ.

ಪಾಸ್‌ಪೋರ್ಟಿನ ನಕಲು, ಫೋಟೋ, ಬ್ಯಾಗು ಎಂದು ಓಡಾಡುವುದರಲ್ಲಿ ಕೈಲಾಂಚಕ್ಕೆ ಹೋಗಲು ಪುರುಸೊತ್ತಾಗಿಲ್ಲ. ಹೊರಡುವ ಮುಂಚೆ ಖಂಡಿತ ಹೋಗಿ ಓದುತ್ತೇನೆ.

ಆದರೆ ಒಂದು ಮಾತು. ಎರಡು ತಿಂಗಳಲ್ಲಿ ಹುಳದ ಜ್ವರದ ಲೆಕ್ಕವನ್ನೇ ಮರೆತೆಯಲ್ಲೇ? ರೇಷ್ಮೆ ಹುಳಕ್ಕೆ ಬರುವುದು ನಾಲ್ಕೇ ಜ್ವರ. ಐದನೆಯದು ಎಂಬುದೇ ಇಲ್ಲ. ಅದು ಬಂದರೆ ತಿಪ್ಪೆಗೆ ಎಂದು ನಿನ್ನ ಅಮ್ಮನೇ ನನಗೆ ಹೇಳಿಕೊಟ್ಟದ್ದು. ಗೊಂಬೆ ಮಾಡುವವಳು ಹುಳ ಸಾಕುವವಳಿಗೆ ತಿದ್ದಿ ಹೇಳುವ ಕಾಲ ಬಂತು. ನಿನ್ನ ಮೆಷಿನ್‌ಗೂ ಚೆನ್ನಾ‌ಗಿ ಅರ್ಥವಾಗಲಿ ಎಂದು ಪುಸ್ತಕದ ಕನ್ನಡದಲ್ಲೇ ಬರೆದಿದ್ದೇನೆ, ನೋಡು ನಾನೆಷ್ಟು ಒಳ್ಳೆಯವಳು.

ಹನ್ನೆರಡಕ್ಕೆ ಸಿಗೋಣ.

ನಿನ್ನವಳೇ
ಮಹ್ವಿಶ್


೩೧ ಆಗಸ್ಟ್ ೨೦೨೫

ಆತ್ಮೀಯ ಮಹ್ವಿಶ್ ಅವರೇ,

ನಿಮ್ಮ ಪತ್ರವನ್ನು ಸ್ವೀಕರಿಸಿ ಸಂತೋಷವಾಯಿತು. ನಿಮ್ಮ ತಿದ್ದುಪಡಿಗೆ ಧನ್ಯವಾದಗಳು. ಜ್ವರಗಳ ಸಂಖ್ಯೆಯಲ್ಲಿ ನನ್ನಿಂದ ತಪ್ಪಾಗಿದೆ. ಆ ವಿಷಯದ ಬಗ್ಗೆ ಇಲ್ಲಿ ನನ್ನೊಂದಿಗೆ ವಿವರವಾಗಿ ಚರ್ಚಿಸಲಾಗಿದೆ. ಇಂತಹ ತಪ್ಪು ಪುನರಾವರ್ತನೆಯಾಗುವುದಿಲ್ಲ.

ಹುಳುಗಳಿಗೆ ಇನ್ನೂ ಜ್ವರವಿದ್ದರೆ ದಯವಿಟ್ಟು ವೈದ್ಯರನ್ನು ಕರೆಸಿ. ಅವು ಶೀಘ್ರವಾಗಿ ಗುಣಮುಖವಾಗಲಿ ಎಂದು ಹಾರೈಸುತ್ತೇನೆ.

ನಿಮ್ಮ ಟಿಕೆಟ್ ಈ ಪತ್ರದೊಂದಿಗೆ ಇದೆ. ನೀವು ನನ್ನ ತಾಯಿಯನ್ನು ಭೇಟಿ ಮಾಡುವ ಅಗತ್ಯವಿಲ್ಲ. ಅವರಿಗೆ ತೊಂದರೆ ಕೊಡುವುದು ಬೇಡ.

ನಿಮ್ಮ ವಿಶ್ವಾಸಿ,
ಸುಚಿತ್ರಾ


ಚನ್ನಪಟ್ಟಣ
೭ ಸೆಪ್ಟೆಂಬರ್ ೨೦೨೫

ಸುಚಿ,

ಈ ಕಾಗದವನ್ನು ನಾನು ಕಳಿಸುವುದಿಲ್ಲ. ಕೋರ್ಸಿನ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ನಿನಗೆ ಬರೆಯದೆ ಇರಲಾಗುತ್ತಿಲ್ಲ.

ಸೋಮವಾರ ಆ ಮೇಲ್ ಬಂತು. ವೈದ್ಯರನ್ನು ಕರೆಸಿ ಎಂಬ ಸಾಲು ಓದಿ ಮೊದಲು ನಕ್ಕೆ. ನಾನು ತಿದ್ದಿದ್ದಕ್ಕೆ ಹಳೆಯ ಮಾತು ಎತ್ತಿ ನನ್ನನ್ನೇ ಆಡಿಕೊಳ್ಳುತ್ತಿದ್ದೀಯ ಎಂದುಕೊಂಡೆ. ಆಮೇಲೆ ಮೇಲೆ ‘ಅವರೇ’ ಎಂದಿರುವುದು ಕಂಡಿತು, ‘ನೀವು’ ಎಂದಿರುವುದು ಕಂಡಿತು. ಗುಣಮುಖವಾಗಲಿ ಎಂದು ಬರೆದವರು ತಮಾಷೆ ಮಾಡಿರಲಿಲ್ಲ. ಹುಳಕ್ಕೆ ನಿಜವಾಗಿ ಕಾಯಿಲೆ ಎಂದೇ ತಿಳಿದಿದ್ದರು. ಜ್ವರ ಎಂದರೆ ಏನೆಂದು ಗೊತ್ತಿಲ್ಲದ ಯಾರೋ ನಿನ್ನ ಹೆಸರಿನಲ್ಲಿ ನನಗೆ ಬರೆಯುತ್ತಿದ್ದಾರೆ ಎಂದು ಆಗ ತಿಳಿಯಿತು.

ಮಾರನೆಯ ಬೆಳಿಗ್ಗೆಯೇ ಕೈಲಾಂಚಕ್ಕೆ ಹೋದೆ. ನೀನು ಹೇಳಿದ್ದ ಕೆಲಸವನ್ನು ಹದಿನಾರು ದಿನ ತಡವಾಗಿ ಮಾಡಿದೆ. ನಿನ್ನ ಕಾಗದವನ್ನು ಒಂದು ಸಾಲನ್ನೂ ಬಿಡದೆ ಓದಿದೆ. ಐದನೇ ಜ್ವರ ಎಂಬಲ್ಲಿಗೆ ಬಂದಾಗ ಅಮ್ಮನ ಕೈಯಲ್ಲಿದ್ದ ಕುಡುಗೋಲು ನಿಂತಿತು.

‘ಇನ್ನೊಂದ್ಸಲ ಓದವ್ವ.’

ಓದಿದೆ.

‘ಐದ್ನೇದ್ಕೆ ನಾನೇನ್ ಮಾಡ್ತೀನಿ? ತಿಪ್ಪೆಗಾಕ್ತೀನಿ. ಈ ಕೆಲ್ಸಾನ ತಿಪ್ಪೆಗಾಕು, ಬರ್ಬ್ಯಾಡ ಅಂತ ಬರ್ದವ್ಳೆ ಕಣವ್ವ. ಬಾಯ್ಬುಟ್ಟು ಏಳಕ್ಕಾಗ್ದೆ ಇಂಗೆ ಬರ್ದವ್ಳೆ. ನನ್ ಮಗ್ಳು ತಿಪ್ಪೆ ಮ್ಯಾಲೆ ಕುಂತವ್ಳೆ.’

ಆಮೇಲೆ ಅವರು ನನ್ನ ಮುಖ ನೋಡಿ ಕೇಳಿದರು, ‘ಇದ್ಕೆ ನೀನೇನ್ ಬರ್ದೆ?’

ಸುಚಿ, ನಾನು ಬರೆದದ್ದನ್ನೂ ಓದಬೇಕಾಯಿತು. ನಾಲ್ಕೇ ಜ್ವರ, ಐದನೆಯದು ಎಂಬುದೇ ಇಲ್ಲ, ತಿಪ್ಪೆಗೆ, ಮೆಷಿನ್‌ಗೂ ಅರ್ಥವಾಗಲಿ, ನಾನೆಷ್ಟು ಒಳ್ಳೆಯವಳು. ನೀನು ಜೀವ ಕೈಯಲ್ಲಿ ಹಿಡಿದು ಬಚ್ಚಿಟ್ಟ ಮಾತನ್ನು ನಾನು ಬಿಡಿಸಿ, ಅರ್ಥ ಹೇಳಿ, ಅವರ ಕೈಗೇ ಕೊಟ್ಟಿದ್ದೆ. ನಿನ್ನೊಂದಿಗೆ ವಿವರವಾಗಿ ಚರ್ಚಿಸಿದ್ದಾರೆ ಎಂದರೆ ಏನೆಂದು ಅಮ್ಮನಿಗೆ ನಾನು ಹೇಳಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ‘ಸೊಪ್ಪು ಬಾಡ್ತದೆ, ಬಾ, ಒಸಿ ಕೈ ಹಾಕು’ ಎಂದರು. ಇಬ್ಬರೂ ಹುಳ ಸಾಕುವ ಬಿದಿರಿನ ತಟ್ಟೆಗಳಿಗೆಲ್ಲ ಸೊಪ್ಪು ಹಾಕಿದೆವು. ಆಮೇಲೆ ಅವರು ಸೀರೆ ಬದಲಿಸಿಕೊಂಡು ನನ್ನ ಜೊತೆ ಠಾಣೆಗೆ ಬಂದರು.

ಅಲ್ಲಿ ಒಬ್ಬ ಹೆಣ್ಣುಮಗಳು ಸಬ್‌ಇನ್‌ಸ್ಪೆಕ್ಟರ್, ಎಲ್ಲ ಕಾಗದವನ್ನೂ ಓದಿದರು. ಅದು ಆಟದ ಕಂಪನಿಯೇ ಅಲ್ಲವಂತೆ. ಕೆಲಸದ ಆಸೆ ತೋರಿಸಿ ಕರೆಸಿ, ಕೂಡಿಹಾಕಿ, ಸುಳ್ಳು ಹೆಸರಿನಲ್ಲಿ ಊರೂರಿನವರಿಗೆ ಮೋಸ ಮಾಡಿಸುತ್ತಾರಂತೆ. ಹೋದವರಿಂದಲೇ ಸ್ನೇಹಿತರಿಗೆ ಕಾಗದ ಬರೆಸುತ್ತಾರಂತೆ. ಒಬ್ಬರನ್ನು ಕರೆಸಿಕೊಟ್ಟರೆ ಅವರ ಹಿಂಸೆ ಸ್ವಲ್ಪ ಹಗುರ ಮಾಡುತ್ತಾರಂತೆ. ದೂರು ಬರೆದುಕೊಂಡು ದೆಹಲಿಗೆ ಕಳಿಸಿದ್ದಾರೆ, ಅಲ್ಲಿಂದ ನದಿಯಾಚೆಯ ಆ ದೇಶಕ್ಕೆ ಹೋಗಬೇಕು, ದಿನ ಹಿಡಿಯುತ್ತದೆ. ‘ನೀವು ಬರ್ತೀರಿ ಅಂತ ಅವರು ನಂಬಿರೋ ತನಕ ಆ ಹುಡುಗಿಯನ್ನ ದೂರ ಸಾಗಿಸಲ್ಲ. ಬರಲ್ಲ ಅಂತ ಬರೀಬೇಡಿ. ಎಳೆ ಕಡೀಬೇಡಿ’ ಎಂದರು.

ನನ್ನನ್ನು ಕರೆಸಿದ್ದರೆ ನಿನಗೆ ಹಗುರವಾಗುತ್ತಿತ್ತು. ನೀನು ಕರೆಯುತ್ತಲೇ ತಡೆದೆ. ನನ್ನ ಬುಗುರಿ ಕದ್ದು ನನ್ನ ಜಾಗದಲ್ಲಿ ಹೋಗಿ ಕೂತೆ. ಆ ಕುರ್ಚಿ ನನ್ನದು ಎಂದು ಬರೆದಿದ್ದೆನಲ್ಲ, ಅದು ನಿಜವಾಗಿಯೂ ನನ್ನದೇ ಆಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ನನ್ನ ಕೈ ಹಿಡಿದು ಹೇಳಿದರು. ‘ಐದ್ನೇದು ಬಂದ್ರೂ ತಿಪ್ಪೆಗೆ ಹಾಕಾಕಿಲ್ಲ ಅಂತ ಬರಿ. ಅದ್ಕೇಂತ ಬ್ಯಾರೆ ತಟ್ಟೆ ಮಾಡಿವ್ನಿ ಅಂತ ಬರಿ.’ ಜ್ವರದ ಮಾತು ಇನ್ನು ಬರೆಯುವಂತಿಲ್ಲ ಅಮ್ಮ, ಅವರಿಗೆ ಗೊತ್ತಾಗಿದೆ ಎಂದೆ. ‘ಜ್ವರ ಬ್ಯಾಡ. ತಟ್ಟೆ ಅಂತ ಬರಿ ಸಾಕು’ ಎಂದರು. ಆ ಮೆಷಿನ್‌ಗೆ ತಟ್ಟೆ ಎಂದರೆ ಊಟದ ತಟ್ಟೆ. ಹುಳ ಸಾಕುವ ಮನೆಯವಳಿಗೆ ಗೊತ್ತು ಯಾವ ತಟ್ಟೆ ಎಂದು.

ನಾಳೆ ಇನ್ನೊಂದು ಕಾಗದ ಬರೆಯುತ್ತೇನೆ. ಅದರಲ್ಲಿ ನಗುತ್ತಿರುತ್ತೇನೆ. ನಂಬಬೇಡ.

ಮಹ್ವಿಶ್


ಚನ್ನಪಟ್ಟಣ
೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಸುಚಿತ್ರಾ,

ಟಿಕೆಟ್ ಬಂತು. ಬೀದಿಯವರಿಗೆಲ್ಲ ತೋರಿಸಿದೆ. ವಿಡಿಯೊ ಗೇಮ್ ಕಂಪನಿಗೆ ಹೋಗುವ ಮೊದಲ ಹುಡುಗಿ ನಮ್ಮ ಬೀದಿಯಲ್ಲಿ ನಾನೇ ಎಂದು ಎಲ್ಲರೂ ಸಿಹಿ ಕೇಳುತ್ತಿದ್ದಾರೆ.

ಒಂದೇ ತೊಂದರೆ. ದಸರಾ ಗೊಂಬೆಗಳ ಆರ್ಡರ್ ಮುಗಿಯದೆ ಅಬ್ಬಾ ನನ್ನನ್ನು ಬಿಡುವುದಿಲ್ಲ. ಅವರ ಮಾತು ಮೀರಿದರೆ ಪಾಸ್‌ಪೋರ್ಟ್ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಅಕ್ಟೋಬರ್ ಕೊನೆಗೆ ಟಿಕೆಟ್ ಬದಲಿಸಿಕೊಡಲು ಮೇಲಿನವರನ್ನು ಕೇಳು. ನನ್ನ ಜೊತೆ ಕೋರ್ಸ್ ಮಾಡಿದ ಇನ್ನಿಬ್ಬರಿಗೂ ಆಸೆ ಇದೆ, ಅವರನ್ನೂ ಕರೆತರಬಹುದು.

ನನ್ನದು ಒಂದು ಷರತ್ತು, ಇದನ್ನೂ ಅವರಿಗೆ ಹೇಳು. ನಿನ್ನ ಪಕ್ಕದ ಕುರ್ಚಿಯೇ ನನಗೆ ಬೇಕು. ನೀನಿಲ್ಲದ ಕಡೆ ನಾನು ಬರುವುದಿಲ್ಲ, ಆ ಇಬ್ಬರೂ ಬರುವುದಿಲ್ಲ. ಇನ್ನು ಮೇಲೆ ನೀನೇ ಬರೆ. ಹೋದ ಸಲದ ಕಾಗದದಲ್ಲಿ ನನ್ನನ್ನು ‘ಅವರೇ’ ಎಂದು ಕರೆದಿದ್ದೆ, ಅಬ್ಬಾ ನೋಡಿ ಸುಚಿತ್ರಾಗೆ ನಿನ್ನ ಮೇಲೆ ಸಿಟ್ಟಿದೆಯಾ, ಹಾಗಾದರೆ ಹೋಗಬೇಡ ಎನ್ನುತ್ತಿದ್ದಾರೆ.

ನಿನ್ನ ಅಮ್ಮ ಚೆನ್ನಾಗಿದ್ದಾರೆ. ನಿನಗಾಗಿ ಒಂದು ತಟ್ಟೆಯನ್ನು ಬೇರೆಯೇ ಎತ್ತಿಟ್ಟಿದ್ದಾರೆ. ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲವಂತೆ. ತಮ್ಮ ಮನೆಯಲ್ಲಿ ಹೊರಗೆ ಎಸೆಯುವಂಥದ್ದು ಏನೂ ಇಲ್ಲ ಎಂದು ಹೇಳಲು ಹೇಳಿದರು.

ಉತ್ತರಕ್ಕೆ ಕಾಯುತ್ತಿರುತ್ತೇನೆ, ಎಷ್ಟು ಭಾನುವಾರವಾದರೂ.

ನಿನ್ನ
ಮಹ್ವಿಶ್


೧೨ ಅಕ್ಟೋಬರ್ ೨೦೨೫, ಭಾನುವಾರ

ಮಹ್ವಿಶ್,

ಆರು ವಾರ ಬರೆಯಲಾಗಲಿಲ್ಲ. ಕಂಪ್ಯೂಟರಿಗೆ ಅನುಮತಿ ಇರಲಿಲ್ಲ. ನಿನ್ನ ಕಾಗದವನ್ನು ನಿನ್ನೆ ಕೊಟ್ಟರು.

ಮೇಲಿನವರು ಒಪ್ಪಿದ್ದಾರೆ. ಹೊಸ ಟಿಕೆಟ್ ಕಳಿಸುತ್ತಾರೆ. ಅಕ್ಟೋಬರ್ ಮೂವತ್ತೊಂದರವರೆಗೆ ಕಾಯುತ್ತಾರೆ. ಅಷ್ಟರೊಳಗೆ ನೀವು ಮೂವರೂ ಬಾರದಿದ್ದರೆ ನನ್ನನ್ನು ಬೇರೆ ಕಂಪನಿಗೆ ಕೊಡುತ್ತಾರೆ. ಅದು ಗಡಿಯಿಂದ ಇನ್ನೂ ಒಳಗಿದೆಯಂತೆ, ಅಲ್ಲಿ ಭಾನುವಾರದ ಮೇಲ್ ಇಲ್ಲ. ಪಕ್ಕದ ಕುರ್ಚಿ ಹಾಗೇ ಇದೆ. ಯಾರನ್ನೂ ಕೂರಿಸಿಲ್ಲ.

ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಈ ಸಲ ತಿದ್ದಬೇಡ.

ಅಮ್ಮನಿಗೆ ಹೇಳು, ಆ ತಟ್ಟೆಗೆ ಒಸಿ ಸೊಪ್ಪು ಹಾಕುತ್ತಿರಲಿ.

ಸುಚಿ